ಇನ್, ಆನ್, ಆ್ಯಟ್ ಮತ್ತು ಬಳಗ: ಸ್ಥಳ ಹೇಳುವ ಇಂಗ್ಲಿಷ್ ಪ್ರಿಪೊಸಿಷನ್‌ಗಳ ಮುಖ್ಯಾಂಶಗಳು

ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಉದ್ದುದ್ದ ಪದಗಳ ಅರ್ಥ ಬರೆದು ಗೆದ್ದವರೂ ಎರಡೇ ಅಕ್ಷರದ ಇನ್, ಆನ್, ಆ್ಯಟ್‌ಗಳ ಮುಂದೆ ಪೆನ್ನು ಕಚ್ಚುತ್ತಾ ಕೂರುತ್ತಾರೆ. ಕಾರಣ ನಮ್ಮ ವ್ಯಾಕರಣದಲ್ಲೇ ಇದೆ. ಸಪ್ತಮಿ ವಿಭಕ್ತಿಯ ‘ಅಲ್ಲಿ’ ಒಂದಿದ್ದರೆ ಕನ್ನಡಕ್ಕೆ ಎಲ್ಲವೂ ನಡೆಯುತ್ತದೆ: ಮನೆಯಲ್ಲಿ, ಗೋಡೆಯಲ್ಲಿ, ಬಸ್ಸಿನಲ್ಲಿ, ನಿಲ್ದಾಣದಲ್ಲಿ, ಮದುವೆಯಲ್ಲಿ. ಹಳಗನ್ನಡದವರು ‘ಒಳ್’ ಒಂದರಲ್ಲೇ ಇದನ್ನೆಲ್ಲ ಮುಗಿಸಿದ್ದರು. ಇದೇ ಐದು ಜಾಗಗಳಿಗೆ ಇಂಗ್ಲಿಷ್ ಮೂರು ಪದ ಬಳಸುತ್ತದೆ: ಇನ್ ದ ಹೌಸ್, ಆನ್ ದ ವಾಲ್, ಆನ್ ದ ಬಸ್, ಆ್ಯಟ್ ದ ಸ್ಟೇಷನ್, ಆ್ಯಟ್ ದ ವೆಡ್ಡಿಂಗ್.

ಕನ್ನಡ ಕೇಳುವುದು ‘ಎಲ್ಲಿ’ ಎಂದಷ್ಟೇ. ಇಂಗ್ಲಿಷ್ ಅದರ ಜೊತೆಗೆ, ಮಾತಾಡುವವರು ಆ ಜಾಗವನ್ನು ಹೇಗೆ ಕಾಣುತ್ತಿದ್ದಾರೆ ಎಂದೂ ಕೇಳುತ್ತದೆ. ಸುತ್ತ ಎಲ್ಲೆಯುಳ್ಳ ಒಳಾವರಣ ಎಂದು ಕಂಡರೆ ಇನ್. ತಾಗುವ ಮೈ ಅಥವಾ ಗೆರೆ ಎಂದು ಕಂಡರೆ ಆನ್. ಬರೀ ಒಂದು ಬಿಂದು ಎಂದು ಕಂಡರೆ ಆ್ಯಟ್. ಮೂರನ್ನೂ ಒಟ್ಟಿಗೆ ನೆನಪಿಡಲು ಚಾವುಂಡರಾಯ ಮಾಡಿಸಿದ ವಿಗ್ರಹದ ವಾಕ್ಯ ಒಂದೇ ಸಾಕು: ‘ದ ಸ್ಟ್ಯಾಚು ಆಫ್ ಗೊಮ್ಮಟೇಶ್ವರ ಸ್ಟ್ಯಾಂಡ್ಸ್ ಆನ್ ವಿಂಧ್ಯಗಿರಿ ಆ್ಯಟ್ ಶ್ರವಣಬೆಳಗೊಳ ಇನ್ ಹಾಸನ ಡಿಸ್ಟ್ರಿಕ್ಟ್.’ ಬೆಟ್ಟದ ಮೈಗೆ ಆನ್, ನಕ್ಷೆಯ ಚುಕ್ಕೆಗೆ ಆ್ಯಟ್, ಎಲ್ಲೆಯೊಳಗಿನ ಜಿಲ್ಲೆಗೆ ಇನ್.

ಊರು, ಹಳ್ಳಿ, ವಿಳಾಸ

ಖಂಡ, ದೇಶ, ರಾಜ್ಯ, ಜಿಲ್ಲೆ, ನಗರಗಳಿಗೆ ಇನ್. ಇದರಲ್ಲಿ ಗೊಂದಲವಿಲ್ಲ. ತಕರಾರು ಏಳುವುದು ಹಳ್ಳಿಯ ಹತ್ತಿರ ಬಂದಾಗ.

ತಲೆಮಾರುಗಳಿಂದ ನಮ್ಮ ಶಾಲೆಗಳಲ್ಲಿ ಓಡಾಡಿದ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕದ ಪ್ರಕಾರ ದೇಶಕ್ಕೂ ದೊಡ್ಡ ಪಟ್ಟಣಕ್ಕೂ ಇನ್; ಸಣ್ಣ ಊರು, ಹಳ್ಳಿಗಳಿಗೆ ಹೆಚ್ಚಾಗಿ ಆ್ಯಟ್. ಇಂದಿನ ಇಂಗ್ಲಿಷ್ ಊರಿನ ಗಾತ್ರ ಅಳೆಯಲು ಹೋಗುವುದಿಲ್ಲ. ಬದುಕುವ ಜಾಗವೆಂದು ಕಂಡರೆ ಹಳ್ಳಿಗೂ ಇನ್ ಬರುತ್ತದೆ: ‘ಶಿ ಗ್ರೂ ಅಪ್ ಇನ್ ಎ ಸ್ಮಾಲ್ ವಿಲೇಜ್.’ ದಾರಿಯ ಮೇಲಿನ ನಿಲುಗಡೆ ಎಂದು ಕಂಡರೆ ಮಹಾನಗರಕ್ಕೂ ಆ್ಯಟ್ ಬರುತ್ತದೆ: ‘ದ ಟ್ರೇನ್ ಸ್ಟಾಪ್ಸ್ ಆ್ಯಟ್ ಅರಸೀಕೆರೆ’ ಎನ್ನುವಂತೆಯೇ ‘ದ ಫ್ಲೈಟ್ ಸ್ಟಾಪ್ಸ್ ಆ್ಯಟ್ ದುಬೈ.’

ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಬೇಕು? ಒಂದೇ ವಾಕ್ಯದಲ್ಲಿ ಸಣ್ಣ ಊರು ಮತ್ತು ಅದನ್ನು ಒಳಗೊಂಡ ದೊಡ್ಡ ಪ್ರದೇಶಕ್ಕೆ ಎರಡು ಖಾಲಿ ಜಾಗ ಕೊಟ್ಟಿದ್ದರೆ ಪ್ರಶ್ನೆ ಹಳೆಯ ನಿಯಮದ್ದು. ‘ದ ಕಾವೇರಿ ರೈಸಸ್ —— ತಲಕಾವೇರಿ —— ಕೊಡಗು’ ಎಂಬಲ್ಲಿ ಮೊದಲು ಆ್ಯಟ್, ಆಮೇಲೆ ಇನ್. ಹಳ್ಳಿಯೊಂದೇ ಇದ್ದು, ಕ್ರಿಯಾಪದ ವಾಸವನ್ನು ಹೇಳುತ್ತಿದ್ದರೆ ಇನ್ ಬರೆದವರಿಗೆ ಅಪಾಯ ಕಡಿಮೆ.

ವಿಳಾಸದ ಲೆಕ್ಕ ಹೀಗೆ:

- ಮನೆ ಸಂಖ್ಯೆ ಬಂತೆಂದರೆ ಆ್ಯಟ್. ‘ಹಿ ಲಿವ್ಸ್ ಆ್ಯಟ್ 27, ಗಾಂಧಿ ಬಜಾರ್ ಮೇನ್ ರೋಡ್.’
- ಸಂಖ್ಯೆ ಇಲ್ಲದೆ ರಸ್ತೆಯಷ್ಟೇ ಬಂದರೆ ಆನ್. ಬ್ರಿಟಿಷರು ಸ್ಟ್ರೀಟ್ ಎಂಬ ಪದಕ್ಕೆ ಇನ್ ಬಳಸುತ್ತಾರೆ, ಅಮೆರಿಕನ್ನರು ಆನ್. ‘ಆನ್ ಎಂ.ಜಿ. ರೋಡ್’ ಎನ್ನುವುದು ನಮ್ಮಲ್ಲಿ ರೂಢಿಯಾಗಿದೆ, ತಪ್ಪೂ ಅಲ್ಲ.
- ಬಡಾವಣೆಗೆ ಇನ್: ಇನ್ ಮಲ್ಲೇಶ್ವರಂ, ಇನ್ ಜಯನಗರ.
- ಮಹಡಿಗೆ ಯಾವಾಗಲೂ ಆನ್. ‘ಇನ್ ದ ಸೆಕೆಂಡ್ ಫ್ಲೋರ್’ ಎಂಬುದು ಎರರ್ ಸ್ಪಾಟಿಂಗ್‌ನವರ ಅಚ್ಚುಮೆಚ್ಚಿನ ತಪ್ಪು.

ಬೆಂಗಳೂರಿನ ಅಂಗಡಿ ಬೋರ್ಡುಗಳ ಮೇಲೆ ಕಾಣುವ ‘ಆಫ್ ಎಂ.ಜಿ. ರೋಡ್’ ಕೂಡ ಅಪ್ಪಟ ಪ್ರಿಪೊಸಿಷನ್. ಆ ರಸ್ತೆಯ ಮೇಲಲ್ಲ, ಅದರಿಂದ ಕವಲೊಡೆದ ಓಣಿಯಲ್ಲಿ ಎಂದು ಅರ್ಥ. ಎರಡು ಎಫ್ ಇರುವ ಈ ಆಫ್‌ಗೂ ಷಷ್ಠಿಯ ‘ಅ’ ಪ್ರತ್ಯಯದ ಕೆಲಸ ಮಾಡುವ ಒಂದು ಎಫ್‌ನ ಆಫ್‌ಗೂ ಸಂಬಂಧ ಕಲ್ಪಿಸಬೇಡಿ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುವುದು ನಮ್ಮ ದುರದೃಷ್ಟ.

ಬಸ್ಸಿನ ಮೇಲೆ ಕೂತವರು

‘ಆನ್ ದ ಬಸ್’ ಎಂದರೆ ಕನ್ನಡದ ಕಿವಿಗೆ ಬಸ್ಸಿನ ಟಾಪ್ ಮೇಲೆ ಕೂತಂತೆ ಕೇಳುತ್ತದೆ. ಮಲೆನಾಡಿನ ಜಾತ್ರೆಯ ದಿನಗಳಲ್ಲಿ ಅದೂ ನಡೆಯುತ್ತಿತ್ತು, ಬಿಡಿ. ಇಂಗ್ಲಿಷಿನಲ್ಲಿ ಅದು ಬಸ್ ಪ್ರಯಾಣಿಕರಾಗಿರುವುದನ್ನು ಹೇಳುವ ಮಾತು, ಅಷ್ಟೇ.

ಒಳಗೆ ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯಬಹುದಾದ ವಾಹನಕ್ಕೆ ಆನ್: ಬಸ್, ರೈಲು, ವಿಮಾನ, ಹಡಗು. ತಲೆ ಬಗ್ಗಿಸಿ ಒಳ ಸೇರಬೇಕಾದ್ದಕ್ಕೆ ಇನ್: ಕಾರು, ಆಟೊ, ಟ್ಯಾಕ್ಸಿ, ಪುಟ್ಟ ದೋಣಿ. ಕಾಲು ಚಾಚಿ ಹತ್ತುವುದಕ್ಕೆ ಮತ್ತೆ ಆನ್: ಸೈಕಲ್, ಬೈಕ್, ಕುದುರೆ. ಹತ್ತುವ ಇಳಿಯುವ ಕ್ರಿಯಾಪದಗಳೂ ಇದನ್ನೇ ಹಿಂಬಾಲಿಸುತ್ತವೆ. ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರಿಗೆ ‘ಗೆಟ್ ಇನ್‌ಟು’, ‘ಗೆಟ್ ಔಟ್ ಆಫ್’. ‘ಗೆಟ್ ಡೌನ್ ಫ್ರಮ್ ದ ಬಸ್’ ಎಂಬುದು ನಾವು ಕಂಡಕ್ಟರ್ ಭಾಷೆಯಿಂದ ಇಂಗ್ಲಿಷಿಗೆ ಕೊಟ್ಟ ಕೊಡುಗೆ. ಅಂಕ ಕೊಡುವವರು ಒಪ್ಪುವುದಿಲ್ಲ.

ಬಸ್ಸಿಗೆ ಇನ್ ಬಂದರೆ ಅದು ತಪ್ಪೇ ಎಂದು ಕಣ್ಣುಮುಚ್ಚಿ ಹೇಳಲಾಗದು. ಒಳಗಿನ ಸೆಖೆಯೋ ನೂಕುನುಗ್ಗಲೋ ಮುಖ್ಯವಾದಾಗ ‘ಇಟ್ ವಾಸ್ ಹಾಟ್ ಇನ್ ದ ಬಸ್’ ಎಂಬುದು ಸಹಜ ಇಂಗ್ಲಿಷ್.

ಬೈ ಬಂದರೆ ಆರ್ಟಿಕಲ್ ಬರಬಾರದು: ಬೈ ಬಸ್, ಬೈ ಟ್ರೇನ್, ಬೈ ಕಾರ್. ವಾಹನದ ಮುಂದೆ ಮೈ, ಹಿಸ್, ದ, ಎ ಯಾವುದಾದರೂ ಸೇರಿದ ಕೂಡಲೇ ಬೈ ಜಾಗ ಖಾಲಿ ಮಾಡಬೇಕು: ‘ಇನ್ ಮೈ ಕಾರ್’, ‘ಆನ್ ದ 6 ಓ’ಕ್ಲಾಕ್ ಬಸ್’. ನಡಿಗೆಗೆ ‘ಆನ್ ಫುಟ್’. ‘ಬೈ ವಾಕ್’ ಎಂಬುದು ನಮ್ಮ ಕಡೆಯ ಕಾಲೇಜು ಕಾರಿಡಾರುಗಳ ಆವಿಷ್ಕಾರ.

ಒಂದು ದ ಇಲ್ಲದಿದ್ದರೆ ಅರ್ಥವೇ ಬೇರೆ

ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಶಿ ಈಸ್ ಇನ್ ಹಾಸ್ಪಿಟಲ್’ ಎಂದರೆ ಆಕೆ ರೋಗಿ. ‘ಇನ್ ದ ಹಾಸ್ಪಿಟಲ್’ ಎಂದರೆ ಆ ಕಟ್ಟಡದೊಳಗಿದ್ದಾಳೆ. ಹಣ್ಣು ಹಂಪಲು ಹಿಡಿದು ನೋಡಲು ಹೋದವಳೂ ಆಗಿರಬಹುದು. ಜೈಲಿಗೂ ಇದೇ ಮಾತು: ‘ಇನ್ ಪ್ರಿಸನ್’ ಇರುವವನು ಕೈದಿ, ‘ಇನ್ ದ ಪ್ರಿಸನ್’ ಇರುವವನು ವಕೀಲನೂ ಇರಬಹುದು, ವಾರ್ಡನ್ನೂ ಇರಬಹುದು. ಸ್ಕೂಲ್, ಕಾಲೇಜ್, ಚರ್ಚ್, ಬೆಡ್ ಇದೇ ಗುಂಪಿನವು. ಅಮೆರಿಕನ್ನರು ಆಸ್ಪತ್ರೆಯ ವಿಷಯದಲ್ಲಿ ಮಾತ್ರ ಎರಡು ಅರ್ಥಕ್ಕೂ ‘ಇನ್ ದ ಹಾಸ್ಪಿಟಲ್’ ಎನ್ನುತ್ತಾರೆ. ನಮ್ಮ ಪಠ್ಯಪುಸ್ತಕಗಳು ಬ್ರಿಟಿಷ್ ದಾರಿಯವು.

ಕಟ್ಟಡಕ್ಕೆ ಇನ್ ಮತ್ತು ಆ್ಯಟ್ ಎರಡೂ ಹೊಂದುವ ಕಡೆ ಹೀಗೆ ಯೋಚಿಸಿ. ಅಲ್ಲಿ ನಡೆಯುವ ಕೆಲಸ ಮುಖ್ಯವೇ? ಆ್ಯಟ್. ನಾಲ್ಕು ಗೋಡೆಗಳ ಒಳಗು ಮುಖ್ಯವೇ? ಇನ್. ‘ವಿ ಮೆಟ್ ಆ್ಯಟ್ ದ ಥಿಯೇಟರ್’ ಎಂದರೆ ಸಿನಿಮಾ ನೋಡಲು ಹೋದಾಗ ಸಿಕ್ಕೆವು. ಹೊರಗಡೆ ಟಿಕೆಟ್ ಸಾಲಿನಲ್ಲೇ ಇರಬಹುದು. ‘ಇಟ್ ವಾಸ್ ಡಾರ್ಕ್ ಇನ್ ದ ಥಿಯೇಟರ್’ ಎಂಬಲ್ಲಿ ಕತ್ತಲೆ ಒಳಗಿನದು, ಹಾಗಾಗಿ ಇನ್. ಕ್ರಿಕೆಟ್ ಪಂದ್ಯ ‘ಆ್ಯಟ್ ದ ಚಿನ್ನಸ್ವಾಮಿ ಸ್ಟೇಡಿಯಂ’, ಪ್ರೇಕ್ಷಕರು ‘ಇನ್ ದ ಸ್ಟೇಡಿಯಂ’, ಆಟಗಾರರು ‘ಆನ್ ದ ಫೀಲ್ಡ್’.

ಮನೆಗೆ ಎರಡು ಹೆಸರು, ಎರಡು ನಡತೆ. ಹೋಮ್ ಎಂದರೆ ‘ಆ್ಯಟ್ ಹೋಮ್’, ಆರ್ಟಿಕಲ್ ಇಲ್ಲ. ಹೌಸ್ ಎಂದರೆ ‘ಇನ್ ದ ಹೌಸ್’. ಅಜ್ಜಿಯ ಮನೆಯಲ್ಲಿದ್ದರೆ ‘ಆ್ಯಟ್ ಮೈ ಗ್ರ್ಯಾಂಡ್‌ಮದರ್ಸ್’. ಅಲ್ಲಿ ಹೌಸ್ ಎಂಬ ಪದ ಬಾರದಿದ್ದರೂ ನಡೆಯುತ್ತದೆ. ಮದುವೆ, ಪಾರ್ಟಿ, ಸಭೆ, ಜಾತ್ರೆ ಮೊದಲಾದ ಸಮಾರಂಭಗಳಿಗೆಲ್ಲ ಆ್ಯಟ್.

ಗೋಡೆ, ಮರ, ಮೂಲೆ, ಮೇಜು, ಪುಟ

ಪ್ರಶ್ನೆ ತಯಾರಿಸುವವರಿಗೆ ಇವೇ ಹುಲುಸಾದ ಹೊಲ. ನಾಮಪದ ಒಂದೇ ಇರುತ್ತದೆ, ಪ್ರಿಪೊಸಿಷನ್ ಬದಲಾಗುತ್ತದೆ.

- ಗೋಡೆಯ ಮೇಲಿನ ಚಿತ್ರ, ಕ್ಯಾಲೆಂಡರ್, ಹಲ್ಲಿ: ಆನ್ ದ ವಾಲ್. ಗೋಡೆಯಲ್ಲಿನ ಬಿರುಕು, ತೂತು, ಕಿಟಕಿ: ಇನ್ ದ ವಾಲ್. ಹಲ್ಲಿ ಚಾವಣಿಗೆ ತಲೆಕೆಳಗಾಗಿ ಅಂಟಿದ್ದರೂ ‘ಆನ್ ದ ಸೀಲಿಂಗ್’. ಆನ್‌ಗೆ ಬೇಕಾದ್ದು ತಾಗಿರುವುದು, ಮೇಲಿರುವುದಲ್ಲ.
- ಮರದ ಹಣ್ಣು, ಎಲೆ: ಆನ್ ದ ಟ್ರೀ. ಕೊಂಬೆಗಳ ನಡುವೆ ಕೂತ ಹಕ್ಕಿ, ಕೋತಿ: ಇನ್ ದ ಟ್ರೀ. ಮರಕ್ಕೇ ಸೇರಿದ್ದು ಆನ್, ಹೊರಗಿನಿಂದ ಬಂದು ಒಳಸೇರಿದ್ದು ಇನ್ ಎಂದು ನೆನಪಿಡಿ.
- ಕೋಣೆಯ ಮೂಲೆ: ಇನ್ ದ ಕಾರ್ನರ್. ಬೀದಿಯ ಮೂಲೆ: ಆ್ಯಟ್ ಅಥವಾ ಆನ್ ದ ಕಾರ್ನರ್. ಒಳಮೂಲೆ ಅಪ್ಪಿಕೊಳ್ಳುತ್ತದೆ, ಹೊರಮೂಲೆ ಚುಚ್ಚುತ್ತದೆ.
- ಊಟಕ್ಕೋ ಓದಿಗೋ ಕೂತರೆ ‘ಆ್ಯಟ್ ದ ಟೇಬಲ್’. ಕನ್ನಡ ಇಲ್ಲಿ ‘ಮುಂದೆ’ ಎನ್ನುತ್ತದೆ, ಮೇಜಿನ ಮುಂದೆ, ಕಂಪ್ಯೂಟರ್ ಮುಂದೆ. ‘ಸ್ಯಾಟ್ ಆನ್ ದ ಟೇಬಲ್’ ಎಂದು ಬರೆದರೆ ತಟ್ಟೆ ಇಡಲು ಜಾಗವಿರುವುದಿಲ್ಲ.
- ಬೆಂಚಿನ ಮೇಲೆ ಆನ್, ಕೈಗಳುಳ್ಳ ಆರಾಮಕುರ್ಚಿಯಲ್ಲಿ ಇನ್.
- ಪುಸ್ತಕ, ಪತ್ರಿಕೆ, ಪ್ಯಾರಾಗಳಿಗೆ ಇನ್. ಪುಟಕ್ಕೆ ಆನ್: ಆನ್ ಪೇಜ್ 47. ಪುಟದ ತುದಿ ಬುಡಕ್ಕೆ ಆ್ಯಟ್: ಆ್ಯಟ್ ದ ಟಾಪ್, ಆ್ಯಟ್ ದ ಬಾಟಮ್.
- ಕನ್ನಡಿಯಲ್ಲಿ, ಫೋಟೊದಲ್ಲಿ ಇನ್. ನಕ್ಷೆಯಲ್ಲಿ, ಪಟ್ಟಿಯಲ್ಲಿ, ಟಿವಿಯಲ್ಲಿ, ಇಂಟರ್‌ನೆಟ್‌ನಲ್ಲಿ ಆನ್.

ಬಿಸಿಲು, ಮಳೆ, ನೆರಳುಗಳಿಗೆ ಕನ್ನಡದ ‘ಅಲ್ಲಿ’ಯೂ ಇಂಗ್ಲಿಷಿನ ಇನ್ನೂ ಸರಿಯಾಗಿ ಹೊಂದುತ್ತವೆ. ಆದರೂ ‘ಅಂಡರ್ ದ ಶೇಡ್’ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಮರಕ್ಕೆ ಅಂಡರ್, ಮರದ ನೆರಳಿಗೆ ಇನ್.

ನದಿ, ಕಡಲು, ದ್ವೀಪ

ಶ್ರೀರಂಗಪಟ್ಟಣದ ಒಂದು ವಾಕ್ಯ ಬಿಡಿಸಿದರೆ ಈ ಭಾಗ ಮುಕ್ಕಾಲು ಮುಗಿಯಿತು: ‘ಶ್ರೀರಂಗಪಟ್ಟಣ ಸ್ಟ್ಯಾಂಡ್ಸ್ ಆನ್ ಆ್ಯನ್ ಐಲೆಂಡ್ ಇನ್ ದ ಕಾವೇರಿ.’ ಊರು ದ್ವೀಪದ ನೆಲದ ಮೇಲಿದೆ, ಆನ್. ದ್ವೀಪವನ್ನು ನೀರು ಸುತ್ತಿಕೊಂಡಿದೆ, ಇನ್. ದಡದ ಊರಿಗೆ ಮತ್ತೆ ಆನ್, ಏಕೆಂದರೆ ನದಿ ಇಲ್ಲಿ ಗೆರೆಯಂತೆ: ‘ಶೃಂಗೇರಿ ಈಸ್ ಆನ್ ದ ತುಂಗಾ.’ ‘ಇನ್ ದ ತುಂಗಾ’ ಎಂದರೆ ಊರು ಮುಳುಗಿದಂತಾಯಿತು. ಹಂಪಿ ತುಂಗಭದ್ರೆಯ ದಕ್ಷಿಣ ದಡದಲ್ಲಿದೆ, ಅಂದರೆ ‘ಆನ್ ದ ಸೌತ್ ಬ್ಯಾಂಕ್’. ಎರಡು ನದಿ ಕೂಡುವ ಜಾಗ ಬಿಂದು: ತುಂಗಾ, ಭದ್ರಾ ಸೇರುವುದು ‘ಆ್ಯಟ್ ಕೂಡ್ಲಿ’.

ಅಣೆಕಟ್ಟಿಗೆ ಅಕ್ರಾಸ್. ಕೆ.ಆರ್.ಎಸ್. ಇರುವುದು ‘ಅಕ್ರಾಸ್ ದ ಕಾವೇರಿ’; ಈ ದಡದಿಂದ ಆ ದಡಕ್ಕೆ ಅಡ್ಡ ಎಂದು ಅರ್ಥ. ಸೇತುವೆಗೆ ಓವರ್ ಅಥವಾ ಅಕ್ರಾಸ್, ಎರಡೂ ಸರಿ.

ಕರಾವಳಿಯಲ್ಲಿ ಊರಿದ್ದರೆ ‘ಆನ್ ದ ಕೋಸ್ಟ್’, ಕಾರವಾರದಂತೆ. ದಡದಿಂದ ಕೊಂಚ ದೂರ ನೀರಿನೊಳಗಿದ್ದರೆ ‘ಆಫ್ ದ ಕೋಸ್ಟ್’. ಸೇಂಟ್ ಮೇರೀಸ್ ದ್ವೀಪಗಳು ಮಲ್ಪೆಯ ಆಫ್, ನೇತ್ರಾಣಿ ಮುರುಡೇಶ್ವರದ ಆಫ್. ಎಂ.ಜಿ. ರೋಡ್‌ನ ಬೋರ್ಡಿನಲ್ಲಿ ಕಂಡ ಆಫ್ ಇದೇ. ಹಡಗಿನಲ್ಲಿ ಪಯಣಿಸುತ್ತಿರುವವರು ‘ಆ್ಯಟ್ ಸೀ’, ಈಜುವವರು ‘ಇನ್ ದ ಸೀ’.

ಒಳಗಿಂದ ಹಾಯ್ದರೆ ಥ್ರೂ, ಉದ್ದಕ್ಕೆ ಸಾಗಿದರೆ ಅಲಾಂಗ್. ರಾಷ್ಟ್ರೀಯ ಹೆದ್ದಾರಿ 766 ಹಾಯುವುದು ‘ಥ್ರೂ ಬಂಡೀಪುರ’, ಹೆದ್ದಾರಿ 66 ಓಡುವುದು ‘ಅಲಾಂಗ್ ದ ಕೋಸ್ಟ್’. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು 57 ಸುರಂಗಗಳಲ್ಲಿ ನುಸುಳುತ್ತದೆ, ಅಲ್ಲೆಲ್ಲ ಥ್ರೂ. ಸೇತುವೆ ಬಂದಾಗ ಓವರ್.

ದಿಕ್ಕಿನ ಮೂರು ಪದ

ಭೂಗೋಳ ಬಲ್ಲವರೂ ಇಲ್ಲಿ ಜಾರುತ್ತಾರೆ. ಎಲ್ಲೆಯ ಒಳಗಿದ್ದರೆ ಇನ್, ಎಲ್ಲೆಗೆ ತಾಗಿದ್ದರೆ ಆನ್, ಎಲ್ಲೆಯ ಆಚೆಗಿದ್ದರೆ ಟು.

ಬೀದರ್ ಕರ್ನಾಟಕದ ಒಳಗೇ ಉತ್ತರಕ್ಕಿದೆ: ‘ಇನ್ ದ ನಾರ್ತ್ ಆಫ್ ಕರ್ನಾಟಕ’. ಮಹಾರಾಷ್ಟ್ರ ಉತ್ತರದ ಗಡಿಗೆ ತಾಗಿದೆ. ಶಾಲಾ ವ್ಯಾಕರಣದಂತೆ ‘ಆನ್ ದ ನಾರ್ತ್’. ಶ್ರೀಲಂಕಾ ಭಾರತದ ದಕ್ಷಿಣಕ್ಕೆ, ನಡುವೆ ಕಡಲು: ‘ಟು ದ ಸೌತ್ ಆಫ್ ಇಂಡಿಯಾ’. ಆಡುಬಳಕೆಯಲ್ಲಿ ತಾಗಿದ ನೆರೆರಾಜ್ಯಕ್ಕೂ ಟು ಬರುತ್ತದೆ, ಅದು ತಪ್ಪಲ್ಲ. ಆದರೆ ಆಯ್ಕೆಗಳಲ್ಲಿ ಆನ್ ಮತ್ತು ಟು ಎರಡನ್ನೂ ಇಟ್ಟಿದ್ದರೆ ಗಡಿ ತಾಗಿದೆಯೇ ಎಂದು ನೋಡಿ. ಎಡ ಬಲಗಳಿಗೆ ಆನ್: ಆನ್ ದ ಲೆಫ್ಟ್, ಆನ್ ದ ರೈಟ್. ನಡುವಿಗೆ ಇನ್ ದ ಮಿಡ್ಲ್, ತುದಿಗೆ ಆ್ಯಟ್ ದ ಎಂಡ್.

ಈ ಬಿಂದು, ಮೈ, ಒಳಗು ಎಂಬ ಲೆಕ್ಕ ಎಷ್ಟು ದೂರ ನಡೆಯುತ್ತದೆ ಎಂದರೆ ಇಸ್ರೋದ ವಾರ್ತೆಗಳನ್ನೇ ನೋಡಿ. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದದ್ದು ‘ಆನ್ ದ ಮೂನ್’. ದಕ್ಷಿಣ ಧ್ರುವದ ಸಮೀಪ ಎಂಬುದಕ್ಕೆ ‘ನಿಯರ್ ದ ಸೌತ್ ಪೋಲ್’. ಉಪಗ್ರಹ ಸುತ್ತುತ್ತಿರುವುದು ‘ಇನ್ ಆರ್ಬಿಟ್’. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1ಗೆ ಆ್ಯಟ್, ಏಕೆಂದರೆ ಅದು ಗಣಿತದ ಶುದ್ಧ ಬಿಂದು. ಆದಿತ್ಯ ನೌಕೆ 2024ರ ಜನವರಿ 6ರಂದು ಸೇರಿದ ಕಕ್ಷೆ ಆ ಬಿಂದುವಿನ ಸುತ್ತಲಿನದು, ಆದ್ದರಿಂದ ‘ಅರೌಂಡ್ ಎಲ್1’. ನೆಲಕ್ಕೆ ಮರಳಿದರೆ: ಜಗತ್ತಿನಲ್ಲಿ ‘ಇನ್ ದ ವರ್ಲ್ಡ್’, ಭೂಮಿಯ ಮೇಲೆ ‘ಆನ್ ಅರ್ಥ್’, ಆಕಾಶದಲ್ಲಿ ‘ಇನ್ ದ ಸ್ಕೈ’.

ಮೇಲೆ, ಕೆಳಗೆ

ತಾಗಿದ್ದರೆ ಆನ್ ಎಂಬುದು ಆಗಲೇ ಬಂತು. ತಾಗದೆ ಮೇಲಿದ್ದರೆ ಓವರ್ ಅಥವಾ ಅಬವ್. ನೇರ ನೆತ್ತಿಯ ಮೇಲೆ, ಹೊದಿಸಿದಂತೆ, ದಾಟಿಹೋಗುವಂತೆ ಇದ್ದರೆ ಓವರ್: ಮಡಿಕೇರಿ ಗುಡ್ಡಗಳ ಮೇಲಿನ ಮಂಜು, ಊರಿನ ಮೇಲೆ ಹಾರಿದ ವಿಮಾನ. ಎತ್ತರದ ಮಟ್ಟ ಹೇಳುವಾಗ, ಅಳತೆಗೋಲಿನಲ್ಲಿ ಗುರುತಿಸುವಾಗ ಅಬವ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ‘ಅಬವ್ ಸೀ ಲೆವೆಲ್’, ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಇಲ್ಲಿ ಓವರ್ ಬರೆದರೆ ತಪ್ಪು. ಉಷ್ಣಾಂಶಕ್ಕೂ ಅಬವ್. ಆದರೆ ತಲೆ ಎಣಿಕೆಗೆ, ವಯಸ್ಸಿಗೆ ಓವರ್: ಓವರ್ 200 ಪೀಪಲ್.

ಕೆಳಗಿನ ಜೋಡಿ ಇದರ ಪಡಿಯಚ್ಚು. ಹಾಸಿಗೆಯಡಿ, ಸೇತುವೆಯಡಿ ಅಂಡರ್. ಮಟ್ಟದಿಂದ ಕೆಳಗೆ ಬಿಲೋ. ಕೇರಳದ ಕುಟ್ಟನಾಡಿನ ಗದ್ದೆಗಳು ‘ಬಿಲೋ ಸೀ ಲೆವೆಲ್’. ಬಿನೀತ್, ಅಂಡರ್‌ನೀತ್ ಎರಡೂ ಅಂಡರ್‌ನ ನೆಂಟರು. ಪರೀಕ್ಷೆಗೆ ಅಷ್ಟು ತಿಳಿದರೆ ಸಾಕು.

ನಡುವೆ

ಇಬ್ಬರ ನಡುವೆ ಬಿಟ್ವೀನ್, ಮೂರು ಅಥವಾ ಹೆಚ್ಚಿನವರ ನಡುವೆ ಅಮಾಂಗ್. ಎಲ್ಲ ಗೈಡುಗಳೂ ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತವೆ. ಈ ನಿಯಮ ಅರ್ಧ ಸತ್ಯ. ಬೇರೆಬೇರೆಯಾಗಿ ಹೆಸರಿಸಬಹುದಾದವು ಎಷ್ಟಿದ್ದರೂ ಬಿಟ್ವೀನ್ ನಡೆಯುತ್ತದೆ: ‘ಕೊಡಗು ಲೈಸ್ ಬಿಟ್ವೀನ್ ಹಾಸನ, ಮೈಸೂರು, ದಕ್ಷಿಣ ಕನ್ನಡ ಅಂಡ್ ಕೇರಳ.’ ಇಲ್ಲಿ ಅಮಾಂಗ್ ಹಾಕಿದರೆ ಕೊಡಗು ಒಂದು ಗುಂಪಿನಲ್ಲಿ ಕಳೆದುಹೋದಂತೆ ಕೇಳುತ್ತದೆ. ಅಮಾಂಗ್ ಬೇಕಾಗುವುದು ಬಿಡಿಸಿ ಎಣಿಸಲಾಗದ ರಾಶಿಗೆ: ಅಮಾಂಗ್ ದ ಟ್ರೀಸ್, ಅಮಾಂಗ್ ದ ಕ್ರೌಡ್.

ಬಿಟ್ವೀನ್ ಜೊತೆ ಬರುವುದು ಅಂಡ್ ಮಾತ್ರ. ‘ಬಿಟ್ವೀನ್ ಹುಬ್ಬಳ್ಳಿ ಟು ಧಾರವಾಡ’ ತಪ್ಪು. ಟು ಬೇಕಿದ್ದರೆ ಮೊದಲು ಫ್ರಮ್ ಬರಲಿ.

ಬಿಸೈಡ್ ಎಂದರೆ ಪಕ್ಕದಲ್ಲಿ. ಕೊನೆಗೊಂದು ಎಸ್ ಸೇರಿದ ಬಿಸೈಡ್ಸ್ ಎಂದರೆ ‘ಅದಲ್ಲದೆ’. ಸ್ಥಳಕ್ಕೂ ಅದಕ್ಕೂ ಸಂಬಂಧವಿಲ್ಲ.

ಎದುರು, ಹಿಂದೆ, ಹತ್ತಿರ

ಕನ್ನಡದ ‘ಎದುರಿಗೆ’ ಇಂಗ್ಲಿಷಿನಲ್ಲಿ ಎರಡಾಗುತ್ತದೆ. ರಸ್ತೆಯಾಚೆ ಮುಖಾಮುಖಿಯಾಗಿದ್ದರೆ ಆಪೊಸಿಟ್. ಈಚೆಯೇ, ಬಾಗಿಲ ಮುಂದೆಯೇ ಇದ್ದರೆ ‘ಇನ್ ಫ್ರಂಟ್ ಆಫ್’. ಬ್ಯಾಂಕ್ ಎದುರು ನಿಲ್ಲಿಸಿದ ಸ್ಕೂಟರ್ ಇನ್ ಫ್ರಂಟ್ ಆಫ್. ಬ್ಯಾಂಕ್ ಎದುರಿನ ಔಷಧಿ ಅಂಗಡಿ ಆಪೊಸಿಟ್. ಆಪೊಸಿಟ್ ಪ್ರಿಪೊಸಿಷನ್ ಆಗಿರುವಾಗ ಟು ಬೇಡ: ‘ಆಪೊಸಿಟ್ ದ ಬ್ಯಾಂಕ್’. ‘ಇನ್ ದ ಫ್ರಂಟ್ ಆಫ್ ದ ಕಾರ್’ ಎಂದು ನಡುವೆ ದ ಸೇರಿದರೆ ಕಾರಿನ ಒಳಗಿನ ಮುಂದಿನ ಭಾಗ.

ಹಿಂದೆ ಎಂಬುದಕ್ಕೆ ಬಿಹೈಂಡ್. ‘ಬ್ಯಾಕ್‌ಸೈಡ್ ಆಫ್ ದ ಟೆಂಪಲ್’ ಎಂದು ದಾರಿ ಹೇಳುವವರು ನಮ್ಮಲ್ಲಿ ಎಷ್ಟೋ ಜನ. ಇಂಗ್ಲಿಷಿನವರ ಆಡುಮಾತಿನಲ್ಲಿ ಬ್ಯಾಕ್‌ಸೈಡ್ ಎಂದರೆ ಕುಂಡೆ. ದೇವಸ್ಥಾನದ ಜೊತೆ ಆ ಪದ ಬೇಡ.

ಹತ್ತಿರ ಎಂಬುದಕ್ಕೆ ನಿಯರ್ ಎಂದು ಕಲಿತಿರುತ್ತೇವೆ. ಆದರೆ ‘ಸಿಗ್ನಲ್ ಹತ್ತಿರ ಇದ್ದೀನಿ’, ‘ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ’, ‘ಗೇಟ್ ಹತ್ತಿರ ಕಾಯ್ತೀನಿ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ದೂರದ ಅಳತೆಯಲ್ಲ, ಆ ಬಿಂದುವೇ. ಹಾಗಾಗಿ ಆ್ಯಟ್ ದ ಸಿಗ್ನಲ್, ಆ್ಯಟ್ ದ ಡೋರ್, ಆ್ಯಟ್ ದ ಗೇಟ್. ಕನ್ನಡದ ‘ಹತ್ತಿರ’ವನ್ನು ಪ್ರತಿ ಸಲವೂ ನಿಯರ್ ಮಾಡುವವರು ಆ್ಯಟ್‌ನ ಅರ್ಧ ಬಳಕೆಯನ್ನು ಕಳೆದುಕೊಳ್ಳುತ್ತಾರೆ. ನಿಯರ್ ಬಂದಾಗಲೂ ‘ನಿಯರ್ ಟು’ ಬೇಡ, ‘ನಿಯರ್ ದ ಲೇಕ್’ ಸಾಕು. ಕಿಟಕಿಗೆ ಒರಗುವಷ್ಟು ಪಕ್ಕದಲ್ಲಿದ್ದರೆ ‘ಬೈ ದ ವಿಂಡೊ’.

‘ಗೆ’ ಬಂದಾಗ

ಚಲನೆಗೆ ಕನ್ನಡ ‘ಗೆ’, ‘ಕ್ಕೆ’ ಹಚ್ಚುತ್ತದೆ. ಇಂಗ್ಲಿಷ್ ಟು, ಇನ್‌ಟು, ಆನ್‌ಟುಗಳಲ್ಲಿ ಆರಿಸುತ್ತದೆ. ಕಪ್ಪೆ ಬಾವಿಯಲ್ಲಿದ್ದರೆ ‘ಇನ್ ದ ವೆಲ್’. ಬಾವಿಗೆ ಹಾರಿದರೆ ‘ಇನ್‌ಟು ದ ವೆಲ್’. ಬಾವಿಕಟ್ಟೆಗೆ ನೆಗೆದರೆ ‘ಆನ್‌ಟು’. ಒಂದು ಸೂಕ್ಷ್ಮ ಇದೆ. ‘ಥ್ರೂ ದ ಬಾಲ್ ಟು ಮಿ’ ಎಂದರೆ ಹಿಡಿಯಲಿ ಎಂದು ಎಸೆದದ್ದು. ‘ಥ್ರೂ ಎ ಸ್ಟೋನ್ ಆ್ಯಟ್ ದ ಡಾಗ್’ ಎಂದರೆ ತಾಗಲಿ ಎಂದು ಎಸೆದದ್ದು. ನಮಗೆ ಎರಡೂ ‘ಗೆ’ಯೇ: ನನಗೆ ಚೆಂಡು, ನಾಯಿಗೆ ಕಲ್ಲು. ಶೌಟ್ ಕೂಡ ಹಾಗೆಯೇ. ಸಿಟ್ಟಿನಲ್ಲಿ ಕೂಗಿದರೆ ಆ್ಯಟ್, ಕೇಳಿಸಲಿ ಎಂದು ಕೂಗಿದರೆ ಟು.

ಅರೈವ್ ಜೊತೆ ಟು ಎಂದೂ ಬಾರದು. ದೇಶ, ನಗರಕ್ಕೆ ‘ಅರೈವ್ ಇನ್’. ನಿಲ್ದಾಣ, ಕಟ್ಟಡ, ಹಳ್ಳಿಗೆ ‘ಅರೈವ್ ಆ್ಯಟ್’.

‘ಗೆ’ ಇದ್ದ ಕಡೆಯೆಲ್ಲ ಇಂಗ್ಲಿಷ್ ಪ್ರಿಪೊಸಿಷನ್ ಬೇಕೆಂದೂ ಇಲ್ಲ. ಮೈಸೂರಿಗೆ ತಲುಪಿದರೂ ‘ರೀಚ್ಡ್ ಮೈಸೂರು’. ಕೋಣೆಗೆ ನುಗ್ಗಿದರೂ ‘ಎಂಟರ್ಡ್ ದ ರೂಮ್’. ಹಂಪಿಗೆ ಭೇಟಿ ಕೊಟ್ಟರೂ ‘ವಿಸಿಟೆಡ್ ಹಂಪಿ’. ಅಪ್ರೋಚ್, ಲೀವ್, ಕ್ರಾಸ್, ಫೇಸ್ ಇವಕ್ಕೂ ಏನೂ ಬೇಡ. ಎಂಟರ್ ಮುಂದೆ ಇನ್‌ಟು ಬರುವುದು ಒಪ್ಪಂದ, ಮಾತುಕತೆಗಳಂಥ ಜಾಗವಲ್ಲದ ಜಾಗಗಳಿಗೆ ಮಾತ್ರ. ಹೋಮ್, ಹಿಯರ್, ದೇರ್, ಅಬ್ರಾಡ್, ಅಪ್‌ಸ್ಟೇರ್ಸ್ ಮುಂದೆ ಟು ಹಾಕಬೇಡಿ: ‘ಗೋ ಹೋಮ್’, ‘ವೆಂಟ್ ಅಬ್ರಾಡ್’.

ಎರರ್ ಸ್ಪಾಟಿಂಗ್: ಸಿದ್ಧ ಮಾದರಿಗಳು

- ‘ದ ವರ್ಲ್ಡ್ಸ್ ಲಾಂಗೆಸ್ಟ್ ರೈಲ್ವೆ ಪ್ಲಾಟ್‌ಫಾರ್ಮ್ ಈಸ್ ಆನ್ ಹುಬ್ಬಳ್ಳಿ ಸ್ಟೇಷನ್.’ ನಿಲ್ದಾಣಕ್ಕೆ ಆ್ಯಟ್. ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಆನ್. ಆ ಪ್ಲಾಟ್‌ಫಾರ್ಮ್‌ನ ಉದ್ದ 1,507 ಮೀಟರ್. ಸಾಮಾನ್ಯ ಜ್ಞಾನದ ಪತ್ರಿಕೆಗೂ ಉಪಯೋಗ.
- ‘ವಿ ರೀಚ್ಡ್ ಟು ದ ಏರ್‌ಪೋರ್ಟ್ ಆನ್ ಟೈಮ್.’ ಟು ತೆಗೆಯಿರಿ.
- ‘ದ ಚಿಲ್ಡ್ರನ್ ಆರ್ ಪ್ಲೇಯಿಂಗ್ ಇನ್ ದ ಗ್ರೌಂಡ್.’ ಗ್ರೌಂಡ್ ನೆಲ; ಇನ್ ಎಂದರೆ ಮಣ್ಣಿನೊಳಗೆ. ಆನ್ ಬೇಕು. ಪಾರ್ಕ್ ಆಗಿದ್ದರೆ ಇನ್.
- ‘ಹಿ ಕೇಮ್ ಬೈ ಹಿಸ್ ಬ್ರದರ್ಸ್ ಕಾರ್.’ ಇನ್.
- ‘ದೇರ್ ಈಸ್ ನೊ ಡಿಫರೆನ್ಸ್ ಬಿಟ್ವೀನ್ ದಿಸ್ ರೋಡ್ ಟು ದ ಅದರ್.’ ಟು ಹೋಗಿ ಅಂಡ್ ಬರಬೇಕು.
- ‘ಮೈ ಹೌಸ್ ಈಸ್ ಆಪೊಸಿಟ್ ಟು ದ ಪೋಸ್ಟ್ ಆಫೀಸ್.’ ಭಾರತದ ಪರೀಕ್ಷೆಗಳಲ್ಲಿ ಟು ಇರುವ ಭಾಗವನ್ನೇ ತಪ್ಪೆಂದು ಗುರುತಿಸುವುದು ಸುರಕ್ಷಿತ.
- ‘ದೇ ಲಿವ್ ಇನ್ ಎ ಫ್ಲ್ಯಾಟ್ ಆನ್ ದ ಥರ್ಡ್ ಫ್ಲೋರ್ ಆ್ಯಟ್ ದ ಎಂಡ್ ಆಫ್ ದ ರೋಡ್.’ ಮೂರು ಪ್ರಿಪೊಸಿಷನ್ ಸಾಲಾಗಿ ಕಂಡು ಗಾಬರಿಯಾದವರು ಯಾವುದೋ ಒಂದಕ್ಕೆ ಗುರುತು ಹಾಕಿಬಿಡುತ್ತಾರೆ. ಮೂರೂ ಸರಿಯಾಗಿವೆ, ಉತ್ತರ ‘ನೊ ಎರರ್’.